ಎಎಚ್‌ಐ: ಗಂಟೆಗೆ ಎಷ್ಟು ಸಲ ಉಸಿರು ಕಟ್ಟಿತು?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಕೂತಲ್ಲೇ ತೂಕಡಿಸುವವರನ್ನು ಕಂಡರೆ ಪುಣ್ಯವಂತರು ಅನ್ನುತ್ತೇವೆ. ನನಗೂ ಹಾಗೇ ಅನ್ನುತ್ತಿದ್ದರು. ಆದರೆ ರಾತ್ರಿ ಎಂಟು ಗಂಟೆ ಮಲಗಿ ಎದ್ದರೂ ನನಗೆ ತಲೆ ಭಾರ, ಬಾಯೆಲ್ಲ ಒಣಗಿರುತ್ತಿತ್ತು. ಒಂದು ದಿನ ನನ್ನ ಹೆಂಡತಿ ಹೇಳಿದಳು: "ನೀವು ಗೊರಕೆ ಹೊಡೀತಾ ಇದ್ರೆ ನಂಗೆ ನಿದ್ದೆ ಬರತ್ತೆ ರೀ. ಗೊರಕೆ ನಿಂತುಬಿಟ್ರೆ ಎಚ್ಚರ ಆಗತ್ತೆ. ಮತ್ತೆ ಉಸಿರು ಬರೋ ತನಕ ಎಣಿಸ್ತಾ ಕೂತಿರ್ತೀನಿ."

ಅವಳು ಕತ್ತಲಲ್ಲಿ ಕೂತು ಎಣಿಸುತ್ತಿದ್ದದ್ದನ್ನೇ ಆಸ್ಪತ್ರೆಯಲ್ಲಿ ಯಂತ್ರ ಎಣಿಸುತ್ತದೆ. ಆ ಲೆಕ್ಕದ ಹೆಸರು ಎಎಚ್‌ಐ, ಅಂದರೆ ಆಪ್ನಿಯಾ ಹೈಪಾಪ್ನಿಯಾ ಇಂಡೆಕ್ಸ್.

ಆಪ್ನಿಯಾ ಗ್ರೀಕ್ ಮೂಲದ ಪದ. ನಮ್ಮ ಅನ್ಯಾಯ, ಅಶಾಂತಿಯಲ್ಲಿ ಇರುವಂತೆ ಇಲ್ಲೂ ಮೊದಲಿನ ಅಕ್ಷರ 'ಇಲ್ಲ' ಅನ್ನುತ್ತದೆ. ಉಸಿರಿಲ್ಲದಿರುವುದು ಅಂತ ಅರ್ಥ. ನಿದ್ದೆಯಲ್ಲಿ ಉಸಿರಾಟದ ಗಾಳಿ 10 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಹೆಚ್ಚುಕಡಿಮೆ ಪೂರ್ತಿ ನಿಂತರೆ ಅದು ಒಂದು ಆಪ್ನಿಯಾ. ಪೂರ್ತಿ ನಿಲ್ಲದೆ ಶೇ 30ರಷ್ಟಾದರೂ ಇಳಿದು, ಜೊತೆಗೆ ರಕ್ತದ ಆಮ್ಲಜನಕ ಕುಸಿದರೆ ಅಥವಾ ನಿದ್ದೆ ಮುರಿದರೆ ಅದು ಹೈಪಾಪ್ನಿಯಾ. ಇವೆರಡನ್ನೂ ಕೂಡಿಸಿ, ನಿದ್ದೆ ಮಾಡಿದ ಗಂಟೆಗಳಿಂದ ಭಾಗಿಸಿದರೆ ಎಎಚ್‌ಐ ಸಿಗುತ್ತದೆ. ನನ್ನದು ಆರು ಗಂಟೆಯಲ್ಲಿ 228 ಸಲ. ಗಂಟೆಗೆ 38.

ದೊಡ್ಡವರಿಗೆ 5ರ ಒಳಗಿದ್ದರೆ ಸರಿ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಉಸಿರು ಯಾಕೆ ಕಟ್ಟುತ್ತದೆ? ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಿಗೆ ನಾಲಿಗೆ ಹಿಂದಕ್ಕೆ ಜಾರಿ ದಾರಿಯೇ ಮುಚ್ಚುತ್ತದೆ. ಎದೆ, ಹೊಟ್ಟೆ ಗಾಳಿಗಾಗಿ ಏದುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಯಾಗಿ ಕೆಲವು ಸೆಕೆಂಡು ಎಚ್ಚರಿಸುತ್ತದೆ. ದೊಡ್ಡದೊಂದು ಗೊರಕೆಯೊಂದಿಗೆ ದಾರಿ ಬಿಚ್ಚಿಕೊಳ್ಳುತ್ತದೆ. ಮತ್ತೆ ನಿದ್ದೆ, ಮತ್ತೆ ಮುಚ್ಚುವುದು. ಬೆಳಿಗ್ಗೆ ಎದ್ದವನಿಗೆ ಇದರಲ್ಲಿ ಒಂದೂ ನೆನಪಿರುವುದಿಲ್ಲ.

ಸ್ಲೀಪ್ ಸ್ಟಡಿ ಅಂದರೆ ಆಸ್ಪತ್ರೆಯ ಕೋಣೆಯಲ್ಲಿ ಒಂದು ರಾತ್ರಿ ಮಲಗುವುದು. ಟೆಕ್ನಿಷಿಯನ್ ಹುಡುಗ ತಲೆಕೂದಲು ಬಿಡಿಸಿ, ನೆತ್ತಿಗೆ ಅಂಟು ಹಚ್ಚಿ ಪುಟ್ಟ ಬಟ್ಟಲುಗಳನ್ನು ಕೂರಿಸಿದ. ಅವು ಮಿದುಳಿನ ಅಲೆಗಳಿಗೆ. ಕಣ್ಣಿನ ಪಕ್ಕ, ಗದ್ದ, ಕಾಲಿಗೂ ವೈರು. ಮೂಗಿನ ಹೊಳ್ಳೆಗೆ ನಳಿಗೆ, ಬೆರಳಿಗೆ ಕ್ಲಿಪ್ಪು. ಎದೆಗೊಂದು, ಹೊಟ್ಟೆಗೊಂದು ಬೆಲ್ಟು. ಬೆಲ್ಟು ಎರಡು ಯಾಕಪ್ಪಾ ಅಂದೆ. "ಗಾಳಿ ನಿಂತಾಗ ಬೆಲ್ಟು ಅಲ್ಲಾಡ್ತಾ ಇದ್ರೆ ಗಂಟಲು ಮುಚ್ಚಿದೆ ಅಂತ ಸಾರ್. ಬೆಲ್ಟೂ ನಿಂತಿದ್ರೆ ಉಸಿರಾಡು ಅಂತ ಮಿದುಳೇ ಹೇಳಿಲ್ಲ ಅಂತ." ಮೊದಲನೆಯದು ಅಬ್‌ಸ್ಟ್ರಕ್ಟಿವ್, ಎರಡನೆಯದು ಸೆಂಟ್ರಲ್. ಚಿಕಿತ್ಸೆ ಬೇರೆಯಾಗುವುದರಿಂದ ಈ ವ್ಯತ್ಯಾಸ ಮುಖ್ಯ. ಅಷ್ಟು ವೈರುಗಳ ನಡುವೆ ನಿದ್ದೆ ಬರತ್ತಾ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ. ಎಷ್ಟೋ ವರ್ಷದಿಂದ ಸರಿಯಾಗಿ ನಿದ್ದೆ ಮಾಡದ ದೇಹ ಅದು.

ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. ಅದರಲ್ಲಿ ಸಾಮಾನ್ಯವಾಗಿ ತಲೆಗೆ ವೈರು ಇರುವುದಿಲ್ಲ. ಹಾಗಾಗಿ ನೀವು ನಿಜವಾಗಿ ಎಷ್ಟು ಹೊತ್ತು ಮಲಗಿದ್ದಿರಿ ಅಂತ ಅದಕ್ಕೆ ತಿಳಿಯುವುದಿಲ್ಲ. ಯಂತ್ರ ಓಡಿದ ಗಂಟೆಗಳಿಂದಲೇ ಭಾಗಿಸುವುದರಿಂದ ಅಂಕಿ ಇದ್ದದ್ದಕ್ಕಿಂತ ಕಡಿಮೆ ಬರಬಹುದು. ಲಕ್ಷಣ ಜೋರಾಗಿದ್ದು ವರದಿ ಚೆನ್ನಾಗಿ ಬಂದರೆ ಅಲ್ಲಿಗೇ ಬಿಡಬೇಡಿ. ಇನ್ನೊಂದು ಮಾತು: ಎಎಚ್‌ಐ ಬರೀ ಎಣಿಕೆ. 12 ಸೆಕೆಂಡು ನಿಂತದ್ದೂ ಒಂದೇ, 50 ಸೆಕೆಂಡು ನಿಂತದ್ದೂ ಒಂದೇ. ಅದಕ್ಕೇ ವರದಿಯಲ್ಲಿ ಆಮ್ಲಜನಕ ಎಲ್ಲಿವರೆಗೆ ಇಳಿಯಿತು ಅನ್ನುವ ಸಾಲನ್ನೂ ಓದಬೇಕು. ನನ್ನದು ಶೇ 78ಕ್ಕೆ ಇಳಿದಿತ್ತು. ಆ ಸಾಲು ನೋಡಿ ಹೆಂಡತಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಚಿಕಿತ್ಸೆಯ ಜೊತೆ ಬರುವ ಪದ ಸಿಪ್ಯಾಪ್, ಅಂದರೆ ಮಲಗುವಾಗ ಹಾಕಿಕೊಳ್ಳುವ ಗಾಳಿಯ ಮಷೀನು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲಿವನ್ 1980ರಲ್ಲಿ ಇದನ್ನು ಮೊದಲು ರೋಗಿಯ ಮೇಲೆ ಬಳಸಿದರು. 1981ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಇದು ಆಕ್ಸಿಜನ್ ಮಷೀನ್ ಅಲ್ಲ. ಕೋಣೆಯ ಗಾಳಿಯನ್ನೇ ಸ್ವಲ್ಪ ಒತ್ತಡದಲ್ಲಿ ಮಾಸ್ಕಿನ ಮೂಲಕ ಊದುತ್ತದೆ. ಆ ಗಾಳಿ ಒಳಗಿನಿಂದ ಊರುಗೋಲಿನ ಹಾಗೆ ನಿಂತು ಗಂಟಲು ಕುಸಿಯದಂತೆ ಹಿಡಿಯುತ್ತದೆ. ಎಷ್ಟು ಒತ್ತಡ ಬೇಕು ಅಂತ ನೋಡಲು ಇನ್ನೊಂದು ರಾತ್ರಿ ಮಲಗಿಸಿ, ಉಸಿರು ಕಟ್ಟುವುದು ನಿಲ್ಲುವ ತನಕ ಮೆಲ್ಲಗೆ ಏರಿಸುತ್ತಾರೆ. ಇದಕ್ಕೆ ಟೈಟ್ರೇಷನ್ ಅನ್ನುತ್ತಾರೆ. ನನಗೆ 11 ಬಂತು, ಅಂದರೆ 11 ಸೆಂಟಿಮೀಟರ್ ನೀರನ್ನು ಎತ್ತಿ ಹಿಡಿಯುವಷ್ಟು ಒತ್ತಡ.

ಮೊದಲ ವಾರ ಕಷ್ಟವಾಯಿತು. ನಿದ್ದೆಗಣ್ಣಲ್ಲಿ ಮಾಸ್ಕ್ ಕಿತ್ತು ಹಾಕುತ್ತಿದ್ದೆ. ಮೂಗಿನ ಪಕ್ಕ ಸೋರಿದ ಗಾಳಿ ಕಣ್ಣಿಗೆ ಹೊಡೆದು ಉರಿ. ಬೇರೆ ಅಳತೆಯ ಮಾಸ್ಕ್ ತಂದೆವು, ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಜೋಡಿಸಿದೆವು. ಹಗಲು ಟಿವಿ ನೋಡುವಾಗ ಅರ್ಧ ಗಂಟೆ ಸುಮ್ನೆ ಹಾಕಿಕೊಂಡು ಕೂರು ಅಂತ ಟೆಕ್ನಿಷಿಯನ್ನರು ಹೇಳಿಕೊಟ್ಟರು. ನನಗೆ ಎಲ್ಲಕ್ಕಿಂತ ಜಾಸ್ತಿ ಸಹಾಯವಾದದ್ದು ಅದೇ. ಮೂರು ದಿನಕ್ಕೆ ಆಗಲ್ಲ ಅಂತ ಕಪಾಟಿನಲ್ಲಿಡುವವರು ದಯವಿಟ್ಟು ಮಾಸ್ಕ್ ಬದಲಿಸಿ ನೋಡಿ.

ಈಗಿನ ಮಷೀನುಗಳು ಬೆಳಿಗ್ಗೆ ಪರದೆಯ ಮೇಲೆ ಆ ರಾತ್ರಿಯ ಎಎಚ್‌ಐ ತೋರಿಸುತ್ತವೆ. ಅದು ಯಂತ್ರದ ಅಂದಾಜು, ಲ್ಯಾಬಿನಷ್ಟು ಖಚಿತವಲ್ಲ. ಮೂರನೇ ವಾರ ಒಂದು ಬೆಳಿಗ್ಗೆ 3.1 ಬಂತು. ತೋರಿಸೋಣ ಅಂತ ತಿರುಗಿದೆ. ಗಂಟೆ ಏಳಾಗಿದ್ದರೂ ಹೆಂಡತಿಗೆ ಇನ್ನೂ ಗಾಢ ನಿದ್ದೆ.

ನಿಮ್ಮ ಮನೆಯಲ್ಲೂ ಯಾರದ್ದಾದರೂ ಗೊರಕೆ ಹೀಗೆ ನಡುನಡುವೆ ನಿಲ್ಲುತ್ತಿದ್ದರೆ, ಫೋನಿನಲ್ಲಿ ಎರಡು ಮೂರು ನಿಮಿಷ ವಿಡಿಯೊ ಮಾಡಿಟ್ಟುಕೊಳ್ಳಿ. ಶ್ವಾಸಕೋಶದ ಡಾಕ್ಟರಿಗೋ ಕಿವಿ ಮೂಗು ಗಂಟಲಿನ ಡಾಕ್ಟರಿಗೋ ತೋರಿಸಿ. ಬಿಪಿ ಇದ್ದು, ಹಗಲು ಗಾಡಿ ಓಡಿಸುವಾಗ ಕಣ್ಣು ಎಳೆಯುತ್ತಿದ್ದರೆ ಈ ವಾರವೇ ಹೋಗಿ.