ನಿರ್ದೇಶಕ ಮಾಡೋದೇನು? ನನಗೆ ಅರ್ಥ ಆಗಿದ್ದು ಒಂದು ಗೆರೆಯಿಂದ

1970ರ 'ಸಂಸ್ಕಾರ' ಸಿನಿಮಾ ತಗೊಳ್ಳಿ. ಕಥೆ ಅನಂತಮೂರ್ತಿಯವರದ್ದು. ಚಿತ್ರಕಥೆ ಗಿರೀಶ ಕಾರ್ನಾಡರದ್ದು, ಪ್ರಾಣೇಶಾಚಾರ್ಯರ ಪಾತ್ರವೂ ಅವರದ್ದೇ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಹಾಗಾದ್ರೆ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರಿಗೆ ಉಳಿದ ಕೆಲಸ ಏನು? ನಿರ್ದೇಶನ ಕಲಿಯೋಕೆ ಶುರು ಮಾಡಿದಾಗ ನನ್ನ ತಲೆ ತಿಂದ ಪ್ರಶ್ನೆ ಇದು. 'ಎಲ್ಲರ ಕೆಲಸ ಸೇರಿಸಿ ಒಂದು ಸಿನಿಮಾ ಮಾಡುವುದು' ಅಂತ ನೋಟ್ಸ್‌ನಲ್ಲಿ ಬರೆದುಕೊಂಡೆ. ಬರೆದುಕೊಂಡೆ ಅಷ್ಟೇ, ತಲೆಗೆ ಇಳಿಯಲಿಲ್ಲ.

ಶೂಟಿಂಗ್‌ಗೆ ಮುಂಚೆ

ಸ್ಕ್ರಿಪ್ಟ್, ಕಲಾವಿದರು, ಲೊಕೇಶನ್, ಶಾಟ್ ಪಟ್ಟಿ. ಇದೆಲ್ಲ ನಿಮಗೂ ಗೊತ್ತು. ಒಂದೇ ವಿಷಯ ಸೇರಿಸುತ್ತೇನೆ: ದೃಶ್ಯವನ್ನು ಯಾರ ಕಣ್ಣಿಂದ ನೋಡುತ್ತೇವೆ ಅನ್ನೋದು ಇಲ್ಲೇ ತೀರ್ಮಾನ ಆಗಬೇಕು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'ದಲ್ಲಿ (1977) ವಿಧವೆ ಯಮುನಕ್ಕನ ಕಷ್ಟ ನಮಗೆ ಕಾಣೋದು ಪುಟ್ಟ ಹುಡುಗ ನಾಣಿಯ ಮೂಲಕ. ಅವನಿಗೆ ಅರ್ಧ ಅರ್ಥ ಆಗುತ್ತೆ, ಉಳಿದರ್ಧ ನಮಗೆ ಆಗುತ್ತೆ. ಕ್ಯಾಮೆರಾ ಎಲ್ಲಿಡಬೇಕು ಅನ್ನೋ ಮಾತು ಆಮೇಲೆ ಬರುತ್ತೆ.

ಸೆಟ್ಟಿನಲ್ಲಿ: ನಾನು ಎಡವಿದ ಗೆರೆ

ಐದು ನಿಮಿಷದ ಕಿರುಚಿತ್ರ. ಜಗಲಿಯ ಮೇಲೆ ಅಜ್ಜಿ, ಮೊಮ್ಮಗ ಎದುರುಬದುರು ಕೂತು ಮಾತಾಡ್ತಾರೆ. ಬೆಳಿಗ್ಗೆ ಅಂಗಳದಲ್ಲಿ ಕ್ಯಾಮೆರಾ ಇಟ್ಟು ಅಜ್ಜಿಯ ಕ್ಲೋಸಪ್ ತೆಗೆದೆವು. ಊಟ ಮುಗಿಸಿ ಬರೋ ಹೊತ್ತಿಗೆ ಬಿಸಿಲು ತಿರುಗಿತ್ತು. ಕ್ಯಾಮೆರಾ ಹಿಡಿದ ಗೆಳೆಯ "ಬಾಗಿಲ ಕಡೆಯಿಂದ ಲೈಟ್ ಚೆನ್ನಾಗಿದೆ ಕಣೋ" ಅಂದ. ನಾನೂ ಹೂಂ ಅಂದೆ. ಹುಡುಗನ ಕ್ಲೋಸಪ್ ಅಲ್ಲಿಂದ ತೆಗೆದೆವು.

ಎಡಿಟಿಂಗ್‌ಗೆ ಕೂತಾಗ ನೋಡಿದ್ರೆ ಇಬ್ಬರೂ ಬಲಕ್ಕೆ ನೋಡ್ತಿದ್ದಾರೆ! ಇಬ್ಬರೂ ಬೀದಿಯಲ್ಲಿ ಹೋಗೋ ಯಾರನ್ನೋ ನೋಡ್ತಿದ್ದ ಹಾಗಿತ್ತು.

ಯಾಕೆ ಹೀಗಾಯ್ತು? ನಿಧಾನಕ್ಕೆ ಹೇಳ್ತೀನಿ, ನನಗೇ ಮೂರು ಸಲ ಹಾಳೆ ಮೇಲೆ ಬರೆದ ಮೇಲೆ ಹೊಳೆದದ್ದು. ಅಜ್ಜಿಯ ಮೂಗಿಂದ ಹುಡುಗನ ಮೂಗಿಗೆ ಒಂದು ದಾರ ಕಟ್ಟಿದೆ ಅಂದುಕೊಳ್ಳಿ. ದಾರದ ಒಂದು ಬದಿ ಅಂಗಳ, ಇನ್ನೊಂದು ಬದಿ ಬಾಗಿಲು. ಅಂಗಳದಿಂದ ನೋಡಿದ್ರೆ ಅಜ್ಜಿ ಎಡಗಡೆ, ಅವರ ನೋಟ ಬಲಕ್ಕೆ. ಹುಡುಗ ಬಲಗಡೆ, ಅವನ ನೋಟ ಎಡಕ್ಕೆ. ಈಗ ದಾರ ದಾಟಿ ಬಾಗಿಲಿಗೆ ಬನ್ನಿ. ಎಲ್ಲಾ ಅದಲುಬದಲು. ಹುಡುಗ ಎಡಕ್ಕೆ ಬಂದ, ಅವನ ನೋಟ ಬಲಕ್ಕೆ ತಿರುಗಿತು. ಅವನು ಕೂತ ಜಾಗದಿಂದ ಅಲ್ಲಾಡಿಲ್ಲ, ದಾಟಿದ್ದು ನಾವು. ಆ ದಾರವೇ ನಾನು ಎಡವಿದ ಗೆರೆ. ಅದನ್ನು ದಾಟಬಾರದು ಅನ್ನೋದಕ್ಕೇ 180 ಡಿಗ್ರಿ ನಿಯಮ ಅನ್ನೋದು. ದಾರದ ಒಂದೇ ಬದಿಯ ಅರ್ಧ ವೃತ್ತದಲ್ಲಿ ಎಲ್ಲಿ ಬೇಕಾದ್ರೂ ಕ್ಯಾಮೆರಾ ಇಡಿ, ತೊಂದರೆ ಇಲ್ಲ.

ರಿಪೇರಿ ಮಾಡೋಕೆ ನೋಡಿದೆ. ಹುಡುಗನ ಶಾಟನ್ನು ಕನ್ನಡಿಯ ಹಾಗೆ ತಿರುಗಿಸಿದೆ. ನೋಟ ಸರಿಯಾಯ್ತು, ಆದ್ರೆ ಅಂಗಿ ಜೇಬು ಬಲಕ್ಕೆ ಬಂತು, ಹಿಂದಿನ ಗೋಡೆಯ ಕ್ಯಾಲೆಂಡರ್ ಅಂಕಿಗಳೆಲ್ಲ ಉಲ್ಟಾ. ಗೆರೆ ದಾಟಿದ್ದು ಗೊತ್ತಾಗದಿರಲಿ ಅಂತ ಮಧ್ಯೆ ಅಡಕತ್ತರಿಯ ಶಾಟ್ ಹಾಕಿದೆ. ಅದು ಒಂದು ಸಲಕ್ಕೆ ಮಾನ ಉಳಿಸುತ್ತೆ. ಆದ್ರೆ ಅಜ್ಜಿ-ಹುಡುಗ-ಅಜ್ಜಿ ಅಂತ ಕಟ್ ಆಗುವಾಗ ಪ್ರತಿ ಸಲ ಅಡಿಕೆ ಕತ್ತರಿಸ್ತಾ ಕೂರೋಕಾಗಲ್ಲ ಅಲ್ವಾ? ಕೊನೆಗೆ ಹುಡುಗನನ್ನ ಮತ್ತೆ ಕರೆಸಿ ಅಂಗಳದಿಂದಲೇ ತೆಗೆದೆವು. ಅಜ್ಜಿ ಬರಲಿಲ್ಲ. ಅವರ ಜಾಗದಲ್ಲಿ ಒಂದು ಕೊಡ ಇಟ್ಟು "ಅದನ್ನೇ ನೋಡಿ ಮಾತಾಡು" ಅಂದೆ.

ತಪ್ಪು ಗೆಳೆಯನದ್ದಲ್ಲ. ಬೆಳಕು ನೋಡೋದು ಅವನ ಕೆಲಸ, ಸರಿಯಾಗೇ ನೋಡಿದ. ಬೆಳಿಗ್ಗೆಯ ಶಾಟೂ ಮಧ್ಯಾಹ್ನದ ಶಾಟೂ ತೆರೆಯ ಮೇಲೆ ಪಕ್ಕಪಕ್ಕ ಬರುತ್ತವೆ ಅಂತ ತಲೆಯಲ್ಲಿ ಇಟ್ಟುಕೊಳ್ಳಬೇಕಾದವನು ನಾನು. ನೋಟ್ಸ್‌ನಲ್ಲಿ ಬರೆದ ಆ ಸಾಲು ಆಗ ಅರ್ಥ ಆಯ್ತು.

ನನ್ನ ಶಾರ್ಟ್‌ಕಟ್: ಶಾಟ್ ಪಟ್ಟಿಯಲ್ಲಿ ಪ್ರತಿ ಕ್ಲೋಸಪ್ ಪಕ್ಕ ನೋಟ ಯಾವ ಕಡೆ ಅಂತ ಬಾಣ ಹಾಕಿ. ಅಜ್ಜಿ →, ಹುಡುಗ ←. ಎದುರುಬದುರು ಕೂತವರಿಗೆ ಎರಡೂ → ಬಂದ್ರೆ ಕ್ಯಾಮೆರಾ ಎತ್ತಲೇಬೇಡಿ.

ಜಪಾನಿನ ನಿರ್ದೇಶಕ ಓಜು ಈ ನಿಯಮ ಮುರಿದಿಲ್ವಾ ಅಂತ ಕೇಳಬಹುದು. ಹೌದು, 'ಟೋಕಿಯೋ ಸ್ಟೋರಿ'ಯಲ್ಲಿ (1953) ಮತ್ತೆ ಮತ್ತೆ ಗೆರೆ ದಾಟ್ತಾರೆ. ಆದ್ರೆ ಬೇಕಂತಲೇ ದಾಟ್ತಾರೆ, ಎರಡು ಶಾಟಿನ ಚೌಕಟ್ಟನ್ನೂ ಒಂದಕ್ಕೊಂದು ಹೊಂದಿಸಿ. ನಾನು ದಾಟಿದ್ದು ಬಿಸಿಲಿಗೆ ಹೆದರಿ.

ಸಂಕಲನ

ಎಡಿಟರ್ ಪಕ್ಕ ಕೂತು 'ಇಲ್ಲಿ ಸಾಕು' ಅನ್ನೋದು. ಇಷ್ಟಪಟ್ಟು ತೆಗೆದ ಶಾಟನ್ನೇ ಬಿಡಬೇಕಾಗುತ್ತೆ. ಇದರಲ್ಲಿ ನಾನಿನ್ನೂ ಕಚ್ಚಾ.

ಮೂರು ಜನ ಇದ್ರೆ?

ಪ್ರತಿ ಜೋಡಿಗೂ ಒಂದೊಂದು ದಾರ. ಅಜ್ಜಿ ಹುಡುಗನನ್ನು ಬಿಟ್ಟು ಬಾಗಿಲಲ್ಲಿ ನಿಂತ ಸೊಸೆಯ ಕಡೆ ತಿರುಗಿದ್ರೆ ದಾರವೂ ಜೊತೆಗೇ ತಿರುಗುತ್ತೆ. ಆ ತಿರುಗೋದನ್ನ ಶಾಟಿನಲ್ಲೇ ತೋರಿಸಿದ್ರೆ ನೋಡೋರಿಗೆ ಗೊಂದಲ ಆಗಲ್ಲ. ಮುಂದಿನ ಕಿರುಚಿತ್ರದಲ್ಲಿ ಊಟದ ಪಂಕ್ತಿಯ ದೃಶ್ಯ ಇದೆ, ಆರು ಜನ. ಬಾಣ ಹಾಕೋಕೆ ಈಗಲೇ ಕೂತಿದ್ದೀನಿ.