ಸೂಪರ್ ಮಾರ್ಕೆಟ್ ಬಂದರೆ ನಮ್ಮೂರಿನ ಕಿರಾಣಿ ಅಂಗಡಿ ಉಳಿಯುತ್ತಾ?

ತಾಲೂಕು ಊರುಗಳ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವು ಉಳಿಯುತ್ತವೆ, ಕೆಲವು ಇಲ್ಲ. ಅದು ರೇಟಿಗಿಂತ ಜಾಸ್ತಿ ಉದ್ರಿ ಪುಸ್ತಕದ ಮೇಲೆ ನಿಂತಿದೆ.

ರೇಟಿನ ಮಾತು ಸರಳ. ದೊಡ್ಡ ಕಂಪನಿ ಸೋಪು, ಎಣ್ಣೆ, ಬಿಸ್ಕತ್ತನ್ನು ತಯಾರಕರಿಂದಲೇ ಲಾರಿಗಟ್ಟಲೆ ಎತ್ತುತ್ತದೆ. ನಮ್ಮ ಅಂಗಡಿಗೆ ಅದೇ ಮಾಲು ಡಿಸ್ಟ್ರಿಬ್ಯೂಟರ್ ಕೈ ದಾಟಿ ಬರುತ್ತದೆ. ಎಂಆರ್‌ಪಿಗಿಂತ ಅವರು ಇಳಿಸುವಷ್ಟು ಇವರು ಇಳಿಸಲಾರರು. ಅದಕ್ಕೆ ಅಂಗಡಿಯವರನ್ನು ಸುಮ್ನೆ ದುರಾಸೆಯವರು ಅನ್ನಬೇಡಿ.

ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ಹಾವೇರಿ ಕಡೆಯ ಊರುಗಳನ್ನೇ ತಗೊಳ್ಳಿ. ರೈತರ ಕೈಗೆ ದುಡ್ಡು ಬರುವುದು ಗೋವಿನಜೋಳವೋ ಹತ್ತಿಯೋ ಮಾರಿದಾಗ, ಅಲ್ಲಿಯವರೆಗೆ ಬೇಳೆ, ಎಣ್ಣೆ, ಸಕ್ಕರೆ ಎಲ್ಲ ಉದ್ರಿ. ಅಂಗಡಿಯವರು ಇದನ್ನು ತಡೆದುಕೊಳ್ಳುವುದು ಮೇಷ್ಟ್ರು, ಬ್ಯಾಂಕಿನವರು, ಹೀಗೆ ತಿಂಗಳ ಸಂಬಳದವರು ಕೊಡುವ ನಗದಿನಿಂದ. ಹೋಲ್‌ಸೇಲ್ ಬಾಕಿ ತೀರುವುದೂ ಅದರಲ್ಲೇ. ಸೂಪರ್ ಮಾರ್ಕೆಟ್ ಬಂದಾಗ ಮೊದಲು ಅತ್ತ ಹೋಗುವವರು ಇದೇ ನಗದಿನವರು. ಆಮೇಲೂ ಅಂಗಡಿ ಮುಂದೆ ಗಿರಾಕಿಗಳು ಇರುತ್ತಾರೆ, ಆದರೆ ಗಲ್ಲಾಪೆಟ್ಟಿಗೆ ಖಾಲಿ. ಅಂಗಡಿಯೇ ಮುಚ್ಚಿದರೆ ರೈತರು, ಕೂಲಿಯವರು ಎಲ್ಲಿಗೆ ಹೋಗಬೇಕು? ಬಿಲ್ಲಿಂಗ್ ಕೌಂಟರ್‌ನಲ್ಲಿ ನಿಂತು "ಸುಗ್ಗಿ ಆದಮೇಲೆ ಕೊಡ್ತೀನಿ" ಅನ್ನೋಕೆ ಆಗಲ್ಲ ಅಲ್ವಾ?

ಕಾನೂನು ತಡೆಯುವುದಿಲ್ಲವಾ ಅಂತಲೂ ಕೇಳುತ್ತಾರೆ. 2012ರಲ್ಲಿ ಕೇಂದ್ರ ಸರ್ಕಾರ ಇಂಥ ಮಳಿಗೆಗಳಲ್ಲಿ ಶೇ 51ರವರೆಗೆ ವಿದೇಶಿ ಹೂಡಿಕೆಗೆ ಒಪ್ಪಿದಾಗ, ಸಾಮಾನ್ಯವಾಗಿ 10 ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಗಳಿಗೆ ಮಾತ್ರ ಅಂತ ಷರತ್ತು ಹಾಕಿತು. ನಮ್ಮ ದೇಶದ್ದೇ ಕಂಪನಿಗಳಿಗೆ ಆ ಷರತ್ತಿಲ್ಲ.

ಹಾಗಾದರೆ ಉಳಿಯುವ ಅಂಗಡಿ ಯಾವುದು? ಅಮೆರಿಕದ ಅಯೋವಾ ರಾಜ್ಯದಲ್ಲಿ, ವಾಲ್‌ಮಾರ್ಟ್ ಅನ್ನುವ ದೊಡ್ಡ ಮಳಿಗೆ ಬಂದ ಸಣ್ಣ ಊರುಗಳನ್ನು ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್ ವರ್ಷಗಟ್ಟಲೆ ಗಮನಿಸಿದರು. ಅದೇ ಸಾಮಾನು ಮಾರುತ್ತಿದ್ದ ಅಂಗಡಿಗಳು ಸೊರಗಿದ್ದವು. ಅಲ್ಲಿ ಸಿಗದ್ದನ್ನು ಮಾರುತ್ತಿದ್ದವರಿಗೆ, ಊರಿಗೆ ಬರುವ ಜನ ಹೆಚ್ಚಿದ್ದರಿಂದ, ವ್ಯಾಪಾರ ಕೂಡಿತ್ತು. ನಮ್ಮಲ್ಲೂ ಪ್ಯಾಕೆಟ್ ಮಾಲಿನಲ್ಲಿ ಪೈಪೋಟಿಗೆ ಇಳಿಯುವುದು ವ್ಯರ್ಥ ಅಂತ ನನಗನ್ನಿಸುತ್ತದೆ. ಆರಿಸಿ ತಂದ ಬ್ಯಾಡಗಿ ಮೆಣಸಿನಕಾಯಿ, ಸುತ್ತಲಿನ ಹಳ್ಳಿಯ ಜೋಳ, ಹತ್ತು ರೂಪಾಯಿಗೂ ತೂಗಿ ಕೊಡುವ ಬಿಡಿ ಬೇಳೆ, ಇವು ಕಿರಾಣಿ ಅಂಗಡಿಯ ಬಲ.

ನಮ್ಮ ಮನೆಗೆ ಸೋಪು, ಪೌಡರ್ ಸೂಪರ್ ಮಾರ್ಕೆಟ್‌ನಿಂದಲೇ ಬರುತ್ತದೆ. ಬೇಳೆ, ಬೆಲ್ಲ, ಮೆಣಸಿನಕಾಯಿ ಮಾತ್ರ ಹಳೇ ಅಂಗಡಿಯದ್ದು, ತಿಂಗಳ ಒಂದನೇ ತಾರೀಕು, ನಗದು ಕೊಟ್ಟು.