ಕಳ್ಳಿಯ ಕಲೆ ಗಟ್ಟಿಯೋ, ಮೆತ್ತಗೋ?

ದಾಸವಾಳದ ಎಲೆಗೆ ರೋಗ ಬಂದರೆ ಗಿಡ ಆ ಎಲೆಯನ್ನೇ ಉದುರಿಸಿ ಹೊಸದನ್ನು ಚಿಗುರಿಸುತ್ತದೆ. ಕಳ್ಳಿಗೆ ಆ ಅನುಕೂಲವಿಲ್ಲ. ಅದರ ಎಲೆಗಳೆಲ್ಲ ಎಂದೋ ಮುಳ್ಳಾಗಿವೆ; ಅಡುಗೆಯ ಕೆಲಸವೆಲ್ಲ ಕಾಂಡದ ಹಸಿರು ಸಿಪ್ಪೆಯದು. ಆ ಸಿಪ್ಪೆ ವರ್ಷಗಟ್ಟಲೆ ಬಾಳಬೇಕಾದ್ದರಿಂದ ಅದರ ಮೇಲಾದ ಗಾಯವೂ ಅಷ್ಟು ಕಾಲ ಕಾಣುತ್ತದೆ. ‘ಏನು ಮಾಡಿದರೂ ಕಲೆ ಹೋಗುತ್ತಿಲ್ಲ’ ಎಂದು ಕೊರಗುವವರಿಗೆ ನಾನು ಹೇಳುವುದಿಷ್ಟೆ: ಅದು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಪೆನ್ಸಿಲಿನ ಹಿಂತುದಿಯಿಂದ ಕಲೆಯನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಬಹುಮಟ್ಟಿಗೆ ಮುಗಿದ ಕಥೆ. ಮೆತ್ತಗೆ ಒಳಗೆ ಹೋದರೆ ಇವತ್ತೇ ಕೈಹಾಕಬೇಕು.

ಬುಡದಿಂದ ಮೇಲಕ್ಕೆ ನಿಧಾನವಾಗಿ ಕಂದುಗಟ್ಟಿ ಮರದಂತಾದರೆ ಅದು ವಯಸ್ಸು, ರೋಗವಲ್ಲ. ಬಿಸಿಲು ಬೀಳುವ ಒಂದೇ ಮಗ್ಗುಲು ಬೆಳ್ಳಗೆ, ಆಮೇಲೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿದರೆ ಅದು ಸುಟ್ಟ ಗಾಯ. ಮರುಭೂಮಿಯ ಗಿಡ ಬಿಸಿಲಿಗೆ ಸುಡುವುದೇ ಎಂದು ಕೇಳುತ್ತಾರೆ. ನೀರು ಉಳಿಸಲು ಕಳ್ಳಿ ಹಗಲಿನಲ್ಲಿ ತನ್ನ ರಂಧ್ರಗಳನ್ನು ಮುಚ್ಚಿಕೊಂಡು, ಇಂಗಾಲದ ಡೈಆಕ್ಸೈಡನ್ನು ರಾತ್ರಿ ಒಳಗೆಳೆದು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಗಲಲ್ಲಿ ನೀರು ಆವಿಯಾಗದಿದ್ದರೆ ಮೈ ತಂಪಾಗುವುದೂ ಇಲ್ಲ. ನರ್ಸರಿಯ ನೆರಳುಬಲೆಯಡಿ ಬೆಳೆದದ್ದನ್ನು ಮಾರ್ಚ್ ತಿಂಗಳಲ್ಲಿ ನೇರ ತಾರಸಿಗೆ ಒಯ್ದರೆ ಕೆಲವೇ ದಿನಗಳಲ್ಲಿ ಸುಡಬಹುದು. ಎರಡು ಮೂರು ವಾರ ಬೆಳಗಿನ ಬಿಸಿಲಿಗಷ್ಟೇ ಇಟ್ಟು ರೂಢಿ ಮಾಡಿಸಿದರೆ ಸಾಕು. ಗಟ್ಟಿಯಾಗಿದ್ದೂ ಹರಡುವ ಕಲೆ ಒಂದಿದೆ: ಎಳೆಯ ತುದಿಯ ಸುತ್ತ ತುಕ್ಕು ಹಿಡಿದಂತೆ ಕಾಣುವುದು. ಅದು ಕೆಂಪು ಜೇಡನುಸಿಯ ಕೆಲಸ. ಭೂತಗನ್ನಡಿ ಹಿಡಿದು ಖಚಿತಪಡಿಸಿಕೊಳ್ಳಿ.

ಮುಳ್ಳುಗಳ ಬುಡದಲ್ಲಿ ಹತ್ತಿ ಅಂಟಿಸಿದಂತಿದ್ದರೆ ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದನ್ನೇ ಒರೆಸಿ, ಮೊಟ್ಟೆಯೊಡೆದು ಹೊಸವು ಬರುವುದರಿಂದ ವಾರಕ್ಕೊಮ್ಮೆಯಂತೆ ನಾಲ್ಕು ವಾರ ಇದನ್ನೇ ಮಾಡಬೇಕು. ಒರೆಸಿದ ದಿನ ಗಿಡ ನೆರಳಿನಲ್ಲಿರಲಿ. ಪಾಪಾಸುಕಳ್ಳಿಯ ಮೇಲಿನ ಹತ್ತಿಯನ್ನು ಹಿಸುಕಿದಾಗ ರಕ್ತದಂಥ ಕೆಂಪು ಬಂದರೆ ಅದು ಬೇರೆ ಕೀಟ, ಕೊಚಿನೀಲ್. ನಮ್ಮ ನೆಲದ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಪಾತ್ರವಿದೆ. ಬಟ್ಟೆಗೆ ಕೆಂಪು ಬಣ್ಣ ತೆಗೆಯುವ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಇದನ್ನು ಭಾರತಕ್ಕೆ ತಂದರು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ. ಆದರೆ ಕಾಡಿನಂತೆ ಹಬ್ಬಿದ್ದ ಒಂದು ಬಗೆಯ ಪಾಪಾಸುಕಳ್ಳಿಯನ್ನು ಅದು ತಿಂದುಹಾಕಿತು. ಅದು ಮುಟ್ಟದ ಇನ್ನೊಂದು ಬಗೆಗಾಗಿ 1926ರಲ್ಲಿ ಶ್ರೀಲಂಕಾದಿಂದ ಅದರದೇ ಕುಲದ ಮತ್ತೊಂದು ಕೀಟವನ್ನು ತರಿಸಿ ದಕ್ಷಿಣ ಭಾರತದಲ್ಲಿ ಬಿಟ್ಟರು. ಹೊಲಗದ್ದೆಗಳನ್ನು ಬಿಡಿಸಿಕೊಟ್ಟ ಉಪಕಾರಿಯೇ ನಿಮ್ಮ ಕುಂಡದಲ್ಲಿ ಶತ್ರು.

ಇನ್ನು ಕೊಳೆ. ಕುಂಡದ ಕಳ್ಳಿಗಳು ಹೆಚ್ಚಾಗಿ ಸಾಯುವುದು ಇದರಿಂದಲೇ. ಮಣ್ಣಿನ ಸಂದುಗಳಲ್ಲಿ ನೀರು ನಿಂತಾಗ ಗಾಳಿ ಸಿಗದೆ ಬೇರು ಸಾಯುತ್ತದೆ, ಸತ್ತ ಬೇರಿನ ಮೂಲಕ ಫ್ಯುಸೇರಿಯಂನಂಥ ಶಿಲೀಂಧ್ರಗಳು ಒಳಗೆ ನುಗ್ಗುತ್ತವೆ. ಮೋಸ ಇಲ್ಲಿದೆ. ಬೇರು ಸತ್ತ ಗಿಡ ನೀರು ಹೀರಲಾಗದೆ ಸುಕ್ಕುಗಟ್ಟುತ್ತದೆ. ನೋಡಿದವರು ಬಾಯಾರಿದೆ ಎಂದುಕೊಂಡು ಇನ್ನೊಂದು ಚೊಂಬು ಸುರಿಯುತ್ತಾರೆ. ಸುಕ್ಕು ಕಂಡಾಗ ಚೊಂಬನ್ನು ಕೆಳಗಿಟ್ಟು ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ಬೇರು ಬೆಳ್ಳಗೆ ಬಿಗಿಯಾಗಿದ್ದರೆ ನಿಜಕ್ಕೂ ಬಾಯಾರಿಕೆ. ಕಪ್ಪಾಗಿ, ಎಳೆದರೆ ಸಿಪ್ಪೆ ಸುಲಿದು ಬಂದರೆ ಕೊಳೆ. ಕೊಳೆತ ಬೇರನ್ನು ಕತ್ತರಿಸಿ, ಒಂದು ವಾರ ನೆರಳಿನಲ್ಲಿ ಒಣಗಿಸಿ, ದಪ್ಪ ಮರಳು, ಇಟ್ಟಿಗೆ ಚೂರು ಅರ್ಧಕ್ಕೂ ಹೆಚ್ಚಿರುವ ಒಣ ಮಣ್ಣಿಗೆ ನೆಡಬೇಕು.

ಕೊಳೆ ಕಾಂಡಕ್ಕೇ ಏರಿದ್ದರೆ ಕತ್ತರಿಸದೆ ದಾರಿಯಿಲ್ಲ. ಮೂರು ವರ್ಷದ ಹಿಂದೆ ಆಷಾಢದ ಜಡಿಮಳೆಯಲ್ಲಿ ನಮ್ಮ ಬಾಲ್ಕನಿಯ ಕಂಬದ ಕಳ್ಳಿಯ ಬುಡ ಮೆತ್ತಗಾಯಿತು. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಮೆತ್ತಗಿನ ಭಾಗಕ್ಕಿಂತ ಎರಡು ಬೆರಳು ಮೇಲೆ ಕೊಯ್ದೆ. ಕೊಯ್ದ ಮುಖದ ನಡುವೆ ಒಂದು ಉಂಗುರ ಕಾಣುತ್ತದೆ, ನೀರು ಸಾಗಿಸುವ ನಾಳಗಳದ್ದು. ಸುತ್ತಲ ತಿರುಳು ಸೌತೆಕಾಯಿಯಂತೆ ಶುಭ್ರವಾಗಿತ್ತು. ಉಂಗುರದಲ್ಲಿ ಮಾತ್ರ ಕಂದು ಚುಕ್ಕೆ. ಅದೊಂದು ಚುಕ್ಕೆ ಉಳಿದರೂ ರೋಗ ಮತ್ತೆ ಏರುತ್ತದೆ. ಪ್ರತಿ ಸಲವೂ ಚಾಕು ಒರೆಸಿ ಮತ್ತೆರಡು ಬಾರಿ ಕೊಯ್ದ ಮೇಲೆ ಚುಕ್ಕೆ ಇಲ್ಲವಾಯಿತು. ಒಂದಡಿ ಎತ್ತರದ ಗಿಡದಲ್ಲಿ ಉಳಿದದ್ದು ಗೇಣುದ್ದ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ಖಾಲಿ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಮಳೆ ತಾಗದ ಕಿಟಕಿಯ ಬಳಿ ಇಟ್ಟೆ. ಮೂರು ವಾರಕ್ಕೆ ಗಾಯ ಚರ್ಮದಂತೆ ಒಣಗಿತು. ಒಣ ಮರಳಿನ ಮೇಲೆ ಕೂರಿಸಿ, ನೀರು ಹಾಕುವ ಆಸೆಯನ್ನು ತಡೆದುಕೊಂಡೆ. ನವರಾತ್ರಿಯ ಹೊತ್ತಿಗೆ ಮೆಲ್ಲಗೆ ಎಳೆದು ನೋಡಿದರೆ ಗಿಡ ಬಿಗಿಯಾಗಿ ಹಿಡಿದುಕೊಂಡಿತ್ತು. ಮರಳನ್ನು ಸ್ವಲ್ಪ ಸರಿಸಿದಾಗ ಕಂಡದ್ದು ನಾಲ್ಕು ಬಿಳಿ ಬೇರು, ನಾಲ್ಕೂ ಆ ಉಂಗುರದಿಂದಲೇ ಹೊರಟಿದ್ದವು.